ಹೋಗಿ ಬಂದವರ ಬರಹ

ಕನ್ನಡದ ಅಧ್ಯಾಪಕನ ಮನೆಗೆ ಹಸ್ತಪ್ರತಿ ಹಿಡಿದುಕೊಂಡು ಬರುವವರಿಗೆ ಎಂದೂ ಕೊರತೆಯಿಲ್ಲ. ಮದುವೆಯ ಕರೆಯೋಲೆಯಿಂದ ಮಹಾಕಾವ್ಯದವರೆಗೆ ಎಲ್ಲವೂ ಬರುತ್ತವೆ, ತಂದವರ ಬೇಡಿಕೆ ಮಾತ್ರ ಒಂದೇ: "ಸ್ವಲ್ಪ ಭಾಷೆ ನೋಡಿಕೊಡಿ." ಕಳೆದ ತಿಂಗಳು ಒಂದು ಭಾನುವಾರ ಸಂಜೆ ವಿಜಯನಗರದ ನಮ್ಮ ಮನೆಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬನೂ ಇದನ್ನೇ ಕೇಳಿದ. ಹುಡುಗ ಈಗ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ಕ್ರೈಸ್ತ ಮನೆತನದವನು, ತಾತನ ಕಾಲದಿಂದಲೂ ಮನೆಯಲ್ಲಿ ಕನ್ನಡವೇ. ಅವರ ಸಭೆಯ ಹತ್ತು ಮಂದಿ ತರುಣ ತರುಣಿಯರು ಕಳೆದ ವರ್ಷ ಹನ್ನೆರಡು ದಿನಗಳ ಮಟ್ಟಿಗೆ ಕೀನ್ಯಾ ದೇಶಕ್ಕೆ ಸೇವಾಯಾತ್ರೆ ಹೋಗಿದ್ದರಂತೆ. ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ಕಿಸುಮು ಎಂಬ ಪಟ್ಟಣವಿದೆ. ಅದರ ಆಚೆಯ ಒಂದು ಹಳ್ಳಿಯಲ್ಲಿ ಶಾಲೆಯ ಗೋಡೆಗೆ ಬಣ್ಣ ಬಳಿದು, ಮಕ್ಕಳಿಗೆ ಹಾಡು ಕಲಿಸಿ, ಪ್ರಾರ್ಥನಾಕೂಟ ನಡೆಸಿ ಬಂದರು. ಆ ಯಾತ್ರೆಯ ಅನುಭವಕಥನ ಸಭೆಯ ಸ್ಮರಣಸಂಚಿಕೆಗೆ ಬೇಕಾಗಿತ್ತು. ನಲವತ್ತು ಪುಟ ಬರೆದು ತಂದಿದ್ದ.

ನಾನು ಆ ಮತದವನಲ್ಲ. ಮತಪ್ರಚಾರ ಸರಿಯೆ ತಪ್ಪೆ ಎಂಬ ಚರ್ಚೆಯನ್ನು ಇಲ್ಲಿ ಎತ್ತುವವನೂ ಅಲ್ಲ. ಅದಕ್ಕೆ ಬೇರೆ ವೇದಿಕೆಗಳಿವೆ, ಅಲ್ಲಿ ಗಂಟಲು ದೊಡ್ಡದಿರುವವರೂ ಇದ್ದಾರೆ. ಹುಡುಗ ನನ್ನ ಮುಂದಿಟ್ಟದ್ದು ಬರವಣಿಗೆ. ಬರವಣಿಗೆಯಾಗಿ ಅದು ನನ್ನನ್ನು ಮೂರು ವಾರ ಕಾಡಿತು. ಹಾಗೆ ಕಾಡಿದ್ದು ಅದು ಕೆಟ್ಟದಾಗಿತ್ತು ಎಂದಲ್ಲ. ವ್ಯಾಕರಣ ಶುದ್ಧವಾಗಿತ್ತು, ಅಕ್ಷರ ದುಂಡಗಿತ್ತು, ಮನಸ್ಸು ಒಳ್ಳೆಯದಾಗಿತ್ತು. ಇಷ್ಟೆಲ್ಲ ಇದ್ದೂ ಓದಿ ಮುಗಿಸಿದಾಗ ಆ ಹಳ್ಳಿ ಕಣ್ಣಿಗೆ ಕಟ್ಟಲಿಲ್ಲ. ಅಲ್ಲಿ ಮಣ್ಣು ಕೆಂಪೋ ಕಪ್ಪೋ ತಿಳಿಯಲಿಲ್ಲ.

ಇದಕ್ಕೆ ಕಾರಣ ಹುಡುಕುತ್ತ ನಾನು ಪೆನ್ಸಿಲು ಹಿಡಿದು ಮತ್ತೊಮ್ಮೆ ಓದಿದೆ. 'ಮುಗ್ಧ' ಎಂಬ ವಿಶೇಷಣ ಇಪ್ಪತ್ತಕ್ಕಿಂತ ಹೆಚ್ಚು ಸಲ ಬಂದಿತ್ತು. ಮಕ್ಕಳು ಮುಗ್ಧರು, ಮುದುಕರು ಮುಗ್ಧರು, ಅವರ ನಗು ಮುಗ್ಧ. ಒಂದು ಕಡೆ ಸರೋವರವೂ ಮುಗ್ಧವಾಗಿ ಮಲಗಿತ್ತು. ಹಳ್ಳಿಗರಲ್ಲಿ ಒಬ್ಬರಿಗೂ ಹೆಸರಿರಲಿಲ್ಲ. ಅದಕ್ಕಿಂತ ಹೆಚ್ಚಿನ ಮಾತೆಂದರೆ, ನಲವತ್ತು ಪುಟಗಳಲ್ಲಿ ಅವರು ಎಲ್ಲಿಯೂ ಬಾಯಿ ತೆರೆದು ಮಾತನಾಡಿರಲಿಲ್ಲ. ನಗುತ್ತಿದ್ದರು, ಹಾಡುತ್ತಿದ್ದರು, ಕೈ ಬೀಸುತ್ತಿದ್ದರು, ಕಣ್ಣೀರು ತುಂಬಿಕೊಳ್ಳುತ್ತಿದ್ದರು. ಮೂಕಚಿತ್ರದ ಪಾತ್ರಗಳು ಕೂಡ ನಡುನಡುವೆ ಬರಹದ ಹಲಗೆಯಲ್ಲಿ ನಾಲ್ಕು ಮಾತು ಆಡುತ್ತವೆ. ಇಲ್ಲಿ ಅದೂ ಇಲ್ಲ. ಕೊನೆಗೆ, ಇಂಥ ಬರಹಗಳಲ್ಲಿ ತಪ್ಪದೆ ಬರುವ ಮಾತು ಬಂದಿತು: ಕೊಡಲು ಹೋದ ನಾವೇ ಪಡೆದುಕೊಂಡು ಬಂದೆವು ಎಂದು. ಏನನ್ನು ಪಡೆದುಕೊಂಡು ಬಂದರು ಎಂಬುದನ್ನು ಮಾತ್ರ ಇಂಥ ಬರಹಗಳು ಹೇಳುವುದಿಲ್ಲ.

ಒಂದೇ ಒಂದು ವಾಕ್ಯ ಜೀವಂತವಾಗಿತ್ತು. ಎರಡನೆಯ ದಿನದ ಊಟದ ಪ್ರಸಂಗದಲ್ಲಿ, ಅಲ್ಲಿಯವರೂ ಚಪಾತಿಯನ್ನು ಚಪಾತಿ ಎಂದೇ ಕರೆಯುತ್ತಾರೆ, ನಮಗೆ ನಗು ಬಂತು ಎಂದು ಬರೆದಿದ್ದ. ಅಷ್ಟು ಹೇಳಿ ಮುಂದಕ್ಕೆ ಹೋಗಿಬಿಟ್ಟಿದ್ದ. ಹೋಗಬಾರದಾಗಿತ್ತು. ಆ ಒಂದು ಮಾತಿನ ಬೆನ್ನು ಹತ್ತಿದ್ದರೆ ಅವನಿಗೊಂದು ಪ್ರಪಂಚವೇ ಸಿಕ್ಕುತ್ತಿತ್ತು. ಮೊಂಬಾಸಾ ಬಂದರಿನಿಂದ ಕಿಸುಮುವಿನವರೆಗೆ ಇಂಗ್ಲಿಷರು 1896ರಿಂದ 1901ರವರೆಗೆ ರೈಲುದಾರಿ ಹಾಕಿಸಿದಾಗ, ಆ ಕೆಲಸಕ್ಕೆ ಹಿಂದೂಸ್ತಾನದಿಂದ ಹೋದ ಕೂಲಿಗಳು ಸುಮಾರು 32,000 ಮಂದಿ. ಅಲ್ಲಿಯೇ ಮಣ್ಣಾದವರು ಸುಮಾರು 2,500 ಮಂದಿ. ಅವರೂ, ಅವರ ಹಿಂದೆ ಮುಂದೆ ಹೋದ ವರ್ತಕರೂ ತಮ್ಮ ಮಾತುಗಳನ್ನು ಅಲ್ಲಿ ಬಿಟ್ಟರು. ಸ್ವಾಹಿಲಿ ಭಾಷೆಯಲ್ಲಿ ಅಂಗಡಿ 'ದುಕಾ', ವಾಹನ 'ಗಾರಿ', ವಿಮೆ 'ಬೀಮಾ', ಲಕ್ಷ 'ಲಾಕಿ'. ಎಂದರೆ ನಮ್ಮ ಹುಡುಗ ಯಾರೂ ಕಾಲಿಡದ ಕಾಡಿಗೆ ಹೋಗಿರಲಿಲ್ಲ. ತನ್ನ ದೇಶದ ಬಡವರು ನೂರಿಪ್ಪತ್ತು ವರ್ಷಗಳ ಹಿಂದೆ ಬೆವರು ಸುರಿಸಿ ಹಾಕಿದ ದಾರಿಯ ಕೊನೆಯ ನಿಲ್ದಾಣಕ್ಕೆ ಹೋಗಿದ್ದ. ಆ ಚಪಾತಿ ಅವನಿಗೆ ಇದನ್ನು ಹೇಳಲು ಕಾದಿತ್ತು. ಅವನು ನಕ್ಕು ತಿಂದುಬಿಟ್ಟ.

ಅವನನ್ನು ನಾನು ಹೀಗೆ ಟೀಕಿಸುವುದು ಸುಲಭ. ನನ್ನ ಕಥೆಯನ್ನೂ ಹೇಳಿಬಿಡಬೇಕು. ರಾಷ್ಟ್ರೀಯ ಸೇವಾ ಯೋಜನೆ 1969ರಲ್ಲಿ, ಗಾಂಧೀ ಶತಮಾನೋತ್ಸವದ ವರ್ಷ, ಪ್ರಾರಂಭವಾದದ್ದು. ಅದರ ಅಧಿಕಾರಿಯಾಗಿ ನಾನೂ ಕೆಲವು ವರ್ಷ ಹುಡುಗರನ್ನು ಕಟ್ಟಿಕೊಂಡು ವರ್ಷಕ್ಕೊಮ್ಮೆ ಏಳು ದಿನದ ಶಿಬಿರಕ್ಕೆ ಮಾಗಡಿ ಕಡೆಯ ಹಳ್ಳಿಗಳಿಗೆ ಹೋಗಿದ್ದೇನೆ. ಪ್ರತಿ ವರ್ಷ ವರದಿ ಬರೆದಿದ್ದೇನೆ. ಪ್ರತಿ ವರದಿಯಲ್ಲೂ ಗ್ರಾಮಸ್ಥರು ಹರ್ಷದಿಂದ ಸಹಕರಿಸಿದರು ಎಂಬ ವಾಕ್ಯವಿದೆ. ಒಂದು ಊರಿನಲ್ಲಿ ನಮ್ಮ ಹುಡುಗರು ಬಹಳ ಉತ್ಸಾಹದಿಂದ ಒಂದು ದೊಡ್ಡ ಇಂಗುಗುಂಡಿ ತೋಡಿದರು. ಅದರ ಪಕ್ಕದಲ್ಲಿ ನಾನು ಗುದ್ದಲಿ ಹಿಡಿದು ನಿಂತ ಛಾಯಾಚಿತ್ರ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ಎರಡು ವರ್ಷದ ಮೇಲೆ ಒಂದು ಮದುವೆಗೆಂದು ಅದೇ ಊರಿಗೆ ಹೋದೆ. ಗುಂಡಿ ಇರಲಿಲ್ಲ. ಜಗಲಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ನೀವು ಹೊಂಟ ವಾರಕ್ಕೇ ಮುಚ್ಚಿದೋ ಸ್ವಾಮಿ. ಗಾಡಿ ತಿರುಗಿಸೋಕೆ ಅಡ್ಡ ಆಗಿತ್ತು" ಎಂದರು. ಯಾವ ಕೋಪವೂ ಇಲ್ಲದೆ ಹೇಳಿದರು. "ಆಗಲೇ ಹೇಳಬಾರದಿತ್ತೇ" ಎಂದೆ. "ಪಾಪ, ಹುಡುಗ್ರು ಅಷ್ಟು ಕಷ್ಟಪಡ್ತಿದ್ರು" ಎಂದರು. ನಾವು ಅವರಿಗೆ ಸೇವೆ ಮಾಡುತ್ತಿದ್ದೇವೆಂದು ನಾನು ತಿಳಿದಿದ್ದ ಏಳು ದಿನ ಅವರು ನಮ್ಮ ಮನಸ್ಸು ನೋಯದಂತೆ ನಮ್ಮನ್ನು ಸಂಭಾಳಿಸಿದ್ದರು. ಆ ಮಾತು ನನ್ನ ಯಾವ ವರದಿಯಲ್ಲೂ ಇಲ್ಲ.

ಹೀಗೆ ಹೋಗಿ ಬಂದವರ ಬರಹ ಒಂದು ಸಾಹಿತ್ಯಪ್ರಕಾರವೇ ಆಗಿದೆ ಎನ್ನಬಹುದು. ಇದು ಇಂದು ನಿನ್ನೆಯದಲ್ಲ. ಈಗ ಆಫ್ರಿಕದ ಆ ಹಳ್ಳಿ ಇರುವ ಸ್ಥಾನದಲ್ಲಿ ಒಮ್ಮೆ ನಾವೇ ಇದ್ದೆವು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ ಸಂಸ್ಥೆಯ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್ ಎಂಬವರು, 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅಲ್ಲಿಂದ ಮುಂದೆ ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಂದ ಬಾಸೆಲಿಗೆ ವರದಿಗಳು ಹೋಗತೊಡಗಿದವು. 1828ರಿಂದಲೇ ಅಲ್ಲಿ ನಡೆಯುತ್ತಿದ್ದ 'ಹೈಡನ್‌ಬೋಟೆ' ಎಂಬ ಮಿಶನ್ ಪತ್ರಿಕೆ ಈ ಬಗೆಯ ಸುದ್ದಿಗಳಿಗಾಗಿಯೇ ಇತ್ತು. ಓದುತ್ತಿದ್ದವರು ಯಾರು? ದಕ್ಷಿಣ ಜರ್ಮನಿಯ, ಸ್ವಿಟ್ಜರ್ಲೆಂಡಿನ ರೈತರು, ಕೈಕಸುಬಿನವರು, ಮನೆಗೆಲಸದ ಹೆಂಗಸರು. 1855ರಲ್ಲಿ 'ಅರ್ಧ ಬಾಟ್ಸೆನ್ ವಂತಿಗೆ' ಎಂಬ ಏರ್ಪಾಡು ಆರಂಭವಾಯಿತು. ಬಾಟ್ಸೆನ್ ಎಂದರೆ ಅಲ್ಲಿನ ಸಣ್ಣ ನಾಣ್ಯ. ಅದರಲ್ಲಿ ಅರ್ಧವನ್ನು ಬಡವರು ವಾರವಾರವೂ ಮಿಶನ್ನಿಗಾಗಿ ಎತ್ತಿಡುತ್ತಿದ್ದರು. ಹೀಗೆ ಕಾಸಿಗೆ ಕಾಸು ಕೂಡಿಸಿ ಕೊಟ್ಟವರಿಗೆ ತಮ್ಮ ದುಡ್ಡು ಏನು ಮಾಡುತ್ತಿದೆ ಎಂದು ತಿಳಿಯುವ ಹಕ್ಕು ಇಲ್ಲವೆ? ಇತ್ತು. ವರದಿಯ ರೂಪವನ್ನು ನಿರ್ಧರಿಸಿದ್ದೂ ಅದೇ. ದೂರದೇಶದಲ್ಲಿ ಕತ್ತಲೆ ಇರಬೇಕು, ಇಲ್ಲದಿದ್ದರೆ ದೀಪಕ್ಕೆ ಎಣ್ಣೆ ಏಕೆ? ಕತ್ತಲೆ ಸ್ವಲ್ಪ ಸ್ವಲ್ಪವಾಗಿ ಸರಿಯುತ್ತಲೂ ಇರಬೇಕು, ಇಲ್ಲದಿದ್ದರೆ ಮುಂದಿನ ವಾರ ಎಣ್ಣೆ ಬರುವುದಿಲ್ಲ. ಈ ಎರಡರ ನಡುವೆ ಇಕ್ಕಟ್ಟಾದ ಬರಹದಲ್ಲಿ, ಮಂಗಳೂರಿನ ಒಬ್ಬ ಮನುಷ್ಯ ಮಂಗಳೂರಿನ ಮನುಷ್ಯನಾಗಿಯೇ ಕುಳಿತು ಮಾತಾಡಲು ಜಾಗ ಸಾಲದು.

ಸುಳ್ಳು ಬರೆದರೆಂದು ನಾನು ಹೇಳುತ್ತಿಲ್ಲ. ಯಾರಿಗಾಗಿ ಬರೆಯುತ್ತೇವೆ ಎಂಬುದು ಏನನ್ನು ಕಾಣುತ್ತೇವೆ ಎಂಬುದನ್ನು ಮುಂಚಿತವಾಗಿಯೇ ಆರಿಸಿಬಿಡುತ್ತದೆ, ಅಷ್ಟೆ. ನನ್ನ ವರದಿಯ ಓದುಗರು ವಿಶ್ವವಿದ್ಯಾಲಯದ ಕಚೇರಿಯಲ್ಲಿದ್ದರು. ನಮ್ಮ ಹುಡುಗನ ಓದುಗರು ಟಿಕೆಟ್ಟಿಗೆ ಹಣ ಕೂಡಿಸಿದ ಅವನ ಸಭೆಯ ಹಿರಿಯರು.

ಕನ್ನಡದ ಭಾಗ್ಯವೋ ಏನೋ, ಬಂದವರಲ್ಲಿ ಕೆಲವರು ಎರಡು ಬಗೆಯ ಬರಹಗಳನ್ನು ಬರೆದರು: ಅಲ್ಲಿಯವರಿಗಾಗಿ ಒಂದು, ಇಲ್ಲಿಯವರಿಗಾಗಿ ಇನ್ನೊಂದು. ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದಾಗ ಇಪ್ಪತ್ತೈದರ ತರುಣ. 1843ರ ಜುಲೈ 1ರಂದು ಅವರು ಹೊರಡಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ ಎಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ನಮ್ಮ ಪತ್ರಿಕಾ ದಿನಾಚರಣೆ ಆ ದಿನದಂದೇ ನಡೆಯುತ್ತದೆ. ಕಲ್ಲಚ್ಚಿನ ನಾಲ್ಕು ಪುಟ, ತಿಂಗಳಿಗೆ ಎರಡು ಸಲ. ಮರುವರ್ಷವೇ ಅದು 'ಕನ್ನಡ ಸಮಾಚಾರ'ವೆಂಬ ಹೆಸರಿನಿಂದ ಬಳ್ಳಾರಿಗೆ ಹೋಯಿತು. ಆಯುಸ್ಸು ಸ್ವಲ್ಪವೇ. ಆದರೆ ಸ್ವಾರಸ್ಯ ಇರುವುದು ಎಲ್ಲಿ ಎಂದರೆ, ಊರಿನ ಸುದ್ದಿಯನ್ನು ಊರವರಿಗೆ ಹೇಳಲು ಹೊರಟ ಕ್ಷಣವೇ ಬರೆಯುವವನ ಸ್ಥಾನ ಬದಲಾಗಿಬಿಡುತ್ತದೆ. ಮಂಗಳೂರಿನ ಬೀದಿಯ ಬಗ್ಗೆ ಬಾಸೆಲಿನವರಿಗೆ ಏನು ಬರೆದರೂ ನಡೆದೀತು. ಮಂಗಳೂರಿನವರಿಗೇ ಬರೆದರೆ ಮರುದಿನ ಬಾಗಿಲಿಗೆ ಬಂದು ತಪ್ಪು ತೋರಿಸುವವರು ಇರುತ್ತಾರೆ. ಬರಹಗಾರನಿಗೆ ಇದಕ್ಕಿಂತ ಒಳ್ಳೆಯ ಗುರು ಇನ್ನೊಬ್ಬನಿಲ್ಲ.

ಮುಂದೆ, ಕಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿಯ ಹಣದ ನೆರವಿನಿಂದ 1848ರಲ್ಲಿ ಮೊದಲುಮಾಡಿ ಅವರು ಅಚ್ಚು ಹಾಕಿಸಿದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯನ್ನು ನೋಡಿ. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು, ಯಕ್ಷಗಾನದ ರಾವಣ ದಿಗ್ವಿಜಯ. ಯಾವ ಭಕ್ತಿಯ ಜಾಗದಲ್ಲಿ ತಮ್ಮ ಭಕ್ತಿಯನ್ನು ನಿಲ್ಲಿಸಬೇಕೆಂದು ಕಡಲು ದಾಟಿ ಬಂದರೋ ಅದೇ ಭಕ್ತಿಯ ಹಾಡುಗಳನ್ನು ಊರೂರಿನ ಓಲೆಗರಿಗಳಿಂದ ಆರಿಸಿ, ಪ್ರತಿ ಮಾಡಿಸಿ, ಕಲ್ಲಚ್ಚಿನಲ್ಲಿ ಮುದ್ರಿಸಿದರು. ಎದುರಾಳಿಯ ಬಲವನ್ನು ತಿಳಿಯಲು ಮಾಡಿದ ಕೆಲಸವಿದು ಎಂದು ಹೇಳುವವರುಂಟು, ಇದ್ದರೂ ಇರಬಹುದು. ಆದರೆ ಲಕ್ಷ್ಮೀಶನ ಷಟ್ಪದಿಯ ಪಾಠ ಸರಿಪಡಿಸುತ್ತ ಕುಳಿತವನು ಎಷ್ಟು ದಿನ ಬರಿಯ ಎದುರಾಳಿಯಾಗಿ ಉಳಿಯಬಲ್ಲ? ಈ ಕೆಲಸಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಡಾಕ್ಟರ್ ಪದವಿ ಕೊಟ್ಟಿತು. ಶ್ರೀನಿವಾಸ ಹಾವನೂರರು 1974ರ 'ಹೊಸಗನ್ನಡದ ಅರುಣೋದಯ'ದಲ್ಲಿ ಆ ಕಾಲವನ್ನು ಅಗೆದು ತೋರಿಸುವವರೆಗೆ ನಮ್ಮಲ್ಲಿ ಬಹುಮಂದಿ ಇವರ ಕೆಲಸವನ್ನು ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆವು.

ಹೊಗಳಿಕೆ ಇಲ್ಲಿಗೆ ಸಾಕು. ಈ ಕಥೆಗೆ ತೆತ್ತವರೂ ಇದ್ದಾರೆ. ಮೋಗ್ಲಿಂಗರ ಮೂಲಕ 1844ರಲ್ಲಿ ಮಂಗಳೂರಿನಲ್ಲಿ ಕ್ರೈಸ್ತನಾದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕನನ್ನು ಅವರು ಮಗನಂತೆ ಕಂಡರು, 1846ರಲ್ಲಿ ತಮ್ಮೊಡನೆ ಯೂರೋಪಿಗೆ ಕರೆದೊಯ್ದರು. ಕನ್ನಡನಾಡಿನಿಂದ ಹೊರದೇಶಕ್ಕೆ ನಡೆದ ಕ್ರೈಸ್ತ ಯಾತ್ರೆಗಳಲ್ಲಿ ಮೊದಮೊದಲಿನದು ಇದು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಎರಡು ದಶಕಗಳಿಗೂ ಮುಂಚಿನ ಮಾತು. ಬಾಸೆಲಿನ ಗುರುಕುಲದಲ್ಲಿ ಓದಿ, 1851ರಲ್ಲಿ ಬೋಧಕದೀಕ್ಷೆ ಪಡೆದು, ಕೌಂಡಿನ್ಯರು ಮಂಗಳೂರಿಗೆ ಮರಳಿದರು. ಬದುಕಿನ ಕೊನೆಯವರೆಗೂ, ಎಂದರೆ 1893ರವರೆಗೆ, ಇಲ್ಲಿಯೇ ಕೆಲಸ ಮಾಡಿದರು. ಕೊಡಗಿನ ಆನಂದಪುರದ ಹೆಸರು ಅವರದೇ. ಆದರೆ ಊರಿನಲ್ಲಿದ್ದ ಅವರ ಎಳೆಯ ಹೆಂಡತಿ ಅವರ ಹೊಸ ಬದುಕಿನೊಳಗೆ ಬರಲು ಒಪ್ಪಲಿಲ್ಲ. ಅವರು ಮುಂದೆ ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾದರು. ಕೌಂಡಿನ್ಯರ ಯಾತ್ರೆಯ ಸುದ್ದಿ ಬಾಸೆಲಿನ ಮನೆಮನೆಗಳಲ್ಲಿ ಎಷ್ಟು ಕಣ್ಣುಗಳನ್ನು ತುಂಬಿಸಿರಬಹುದೆಂದು ಊಹಿಸಬಲ್ಲೆ. ಮಂಗಳೂರಿನಲ್ಲೇ ಉಳಿದ ಆ ಹೆಣ್ಣುಮಗಳ ಕಣ್ಣಿನಿಂದ ಅದನ್ನು ಬರೆದ ಒಂದು ಪುಟವನ್ನೂ ನಾನು ಓದಿಲ್ಲ. ಹೋಗಿ ಬಂದವರ ಬರಹದಲ್ಲಿ ಇಂಥವರು ಯಾವಾಗಲೂ ಒಂದು ವಾಕ್ಯದ ಕೊನೆಯಲ್ಲಿ ಕಾಣಿಸಿಕೊಂಡು ಮರೆಯಾಗುತ್ತಾರೆ. ನಾನು ಈಗ ಮಾಡಿದ್ದೂ ಅದನ್ನೇ.

ಕಿಟೆಲರ ವಿಷಯ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯನ್ನು ದಾಟಿ ಹೋಗದವರು ಕಡಿಮೆ. 1853ರಲ್ಲಿ ಬಂದ ಅವರ ಪಾಂಡಿತ್ಯದ ಒಲವು ಮೊದಮೊದಲು ಮಿಶನ್ನಿನ ಹಿರಿಯರಿಗೆ ಅಷ್ಟೇನೂ ಹಿಡಿಸಲಿಲ್ಲ. ವರದಿಯಲ್ಲಿ ಬರೆಯಲು ಬೇಕಾದ ಸಂಖ್ಯೆಗಳನ್ನು ಬಿಟ್ಟು ಈತ ಶಬ್ದಗಳನ್ನು ಎಣಿಸುತ್ತ ಕುಳಿತರೆ ಹಿಡಿಸುವುದಾದರೂ ಹೇಗೆ? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ನಾನು ಅದನ್ನು ಪಾಠಕ್ಕಾಗಿ ತೆರೆದದ್ದಕ್ಕಿಂತ ಸುಮ್ಮನೆ ಓದಲು ತೆರೆದದ್ದೇ ಹೆಚ್ಚು. ಪಂಡಿತರ ಹಳಗನ್ನಡದ ಪಕ್ಕದಲ್ಲಿಯೇ ಬಚ್ಚಲಿನ, ಹಟ್ಟಿಯ, ಸಂತೆಯ ಮಾತು ಕುಳಿತಿರುತ್ತದೆ. ಗಾದೆಯ ಮೇಲೆ ಗಾದೆ. ಪ್ರತಿ ಗಾದೆಯ ಹಿಂದೆಯೂ ಅದನ್ನು ಹೇಳಿದ ಒಂದು ಬಾಯಿ ಇದ್ದಿರಬೇಕು, ಹೇಳಿದ್ದನ್ನು ಕೇಳಿಸಿಕೊಂಡ ಒಂದು ಕಿವಿ ಇದ್ದಿರಬೇಕು. ನನ್ನ ಮಟ್ಟಿಗೆ ಕಿಟೆಲರ ನಿಘಂಟು ಕನ್ನಡನಾಡನ್ನು ಕುರಿತು ಪರದೇಶದವರು ಬರೆದ ಪ್ರವಾಸಕಥನಗಳಲ್ಲಿ ಅತ್ಯಂತ ಶ್ರೇಷ್ಠವಾದದ್ದು. ಅದರಲ್ಲಿ ಪ್ರವಾಸಿ ತಾನು ಎಲ್ಲಿಯೂ ಮಾತನಾಡುವುದಿಲ್ಲ, ಊರವರೇ ಮಾತನಾಡುತ್ತಾರೆ.

ಇಲ್ಲಿ ವಾಚಕರು ಒಂದು ಆಕ್ಷೇಪಣೆಯನ್ನು ಎತ್ತಬಹುದು. ಅವರೆಲ್ಲ ದಶಕಗಟ್ಟಲೆ ಇಲ್ಲಿದ್ದವರು. ಹನ್ನೆರಡು ದಿನದ ರಜೆ ಹಾಕಿ ಹೋದ ಲೆಕ್ಕಿಗನನ್ನು ಅವರೊಡನೆ ತೂಗುವುದು ನ್ಯಾಯವೇ ಎಂದು. ನ್ಯಾಯವಲ್ಲ. ಆದರೆ ಇರುವ ದಿನಗಳ ಎಣಿಕೆಯೇ ಎಲ್ಲವೂ ಎಂದು ನನಗೆ ತೋರುವುದಿಲ್ಲ. ಮೊದಲು ಬಂದ ಮೂವರಲ್ಲಿ ಒಬ್ಬರಾದ ಹೆಬಿಕ್ ಇಪ್ಪತ್ತೈದು ವರ್ಷ ಈ ಕರಾವಳಿಯಲ್ಲಿದ್ದರು. ಧೈರ್ಯಶಾಲಿ, ಭಾರಿ ಗಡ್ಡದ, ಭಾರಿ ದನಿಯ ಬೋಧಕ. ಇಲ್ಲಿನ ಯಾವ ಭಾಷೆಯೂ ಅವರಿಗೆ ಸರಿಯಾಗಿ ಒಲಿಯಲಿಲ್ಲ, ಬಹುಮಟ್ಟಿಗೆ ದ್ವಿಭಾಷಿಯ ಮೂಲಕವೇ ಬೋಧಿಸಿದರು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಇಪ್ಪತ್ತೈದು ವರ್ಷದ ಕಿರುಯಾತ್ರೆ! ಹಾಗೆಯೇ ನೆಲಸದೆ ಬರಿದೆ ಹೋಗಿ ಬಂದವರೂ ಕನ್ನಡದಲ್ಲಿ ಬಾಳುವಂಥ ಪುಸ್ತಕ ಬರೆದಿದ್ದಾರೆ. ಕಾರಂತರ 'ಅಪೂರ್ವ ಪಶ್ಚಿಮ'ವನ್ನು ತೆಗೆದುಕೊಳ್ಳಿ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ 'ಅಮೆರಿಕದಲ್ಲಿ ಗೊರೂರು' ಇದೆ. ಗೊರೂರರ ಪುಸ್ತಕದಲ್ಲಿ ನನಗೆ ಮೆಚ್ಚಿಕೆಯಾಗುವುದು ಅಮೆರಿಕವಲ್ಲ, ಅಲ್ಲಿ ತಬ್ಬಿಬ್ಬಾಗಿ ನಿಂತಿರುವ ಗೊರೂರರು. ತಾನು ಹೊರಗಿನವನು, ತನಗೆ ತಿಳಿಯದ್ದು ಬಹಳ ಎಂಬುದನ್ನು ಅವರು ಬಚ್ಚಿಡುವುದಿಲ್ಲ. ಹಾಸ್ಯದ ಬಂಡವಾಳವನ್ನಾಗಿ ಮಾಡಿಕೊಳ್ಳುತ್ತಾರೆ. ಸೇವಾಯಾತ್ರೆಯವರಿಗೆ ಈ ಸೌಕರ್ಯ ಇಲ್ಲ. ಸಹಾಯ ಮಾಡಲು ಹೋದವನು ತಬ್ಬಿಬ್ಬಾಗಿದ್ದೆ ಎಂದು ಹೇಗೆ ಬರೆದಾನು?

ಎರಡನೆಯ ಮಹಾಯುದ್ಧದ ತರುವಾಯ, ಅದರಲ್ಲಿಯೂ 1960ರಿಂದೀಚೆಗೆ, ಅಮೆರಿಕದ ಕ್ರೈಸ್ತ ತರುಣರಲ್ಲಿ ಈ ಅಲ್ಪಾವಧಿಯ ಯಾತ್ರೆಗಳು ಬಹಳವಾಗಿ ಬೆಳೆದವು. ವಿಮಾನ ಅಗ್ಗವಾಯಿತು, ರಜೆ ಕೈಯಲ್ಲಿತ್ತು. 1968ರ ಏಪ್ರಿಲಿನಲ್ಲಿ ಮೆಕ್ಸಿಕೋದ ಕುಎರ್ನವಾಕ ಎಂಬಲ್ಲಿ, ಹಳ್ಳಿಗಳ ಸೇವೆಗೆಂದು ಬಂದಿದ್ದ ಇಂಥ ವಿದ್ಯಾರ್ಥಿಗಳ ಸಭೆಗೆ ಇವಾನ್ ಇಲ್ಲಿಚ್ ಎಂಬ ವಿಚಾರವಂತನನ್ನು ಮಾತಿಗೆ ಕರೆದರು. ಆತನೇ ಪಾದ್ರಿ. ಆದರೂ ಆ ದಿನ ಆತ ಅವರ ಸದುದ್ದೇಶವನ್ನು ನಿರ್ದಾಕ್ಷಿಣ್ಯವಾಗಿ ಖಂಡಿಸಿದ. ನೋಡಲು ಬನ್ನಿ, ಓದಲು ಬನ್ನಿ, ನಮ್ಮ ಹೂಗಳನ್ನು ಕಂಡು ಸಂತೋಷಪಡಿ, ಆದರೆ ದಯವಿಟ್ಟು ಸಹಾಯ ಮಾಡಲು ಬರಬೇಡಿ ಎಂಬುದು ಆ ಭಾಷಣದ ಸಾರ. ಹಳ್ಳಿಗರು ನಿಮ್ಮ ಬಗ್ಗೆ ಏನು ಆಡಿಕೊಳ್ಳುತ್ತಾರೆಂದು ತಿಳಿಯುವಷ್ಟು ಭಾಷೆಯೂ ನಿಮಗೆ ಬರುವುದಿಲ್ಲ ಎಂಬ ಅರ್ಥದ ಮಾತನ್ನೂ ಆಡಿದ. ಇದು ಕಟುವಾಯಿತು ಎಂದು ನನ್ನ ಭಾವನೆ. ಮನೆ ಬಿಟ್ಟು ಹೊರಡುವ ಇಪ್ಪತ್ತರ ವಯಸ್ಸಿನವರನ್ನು ಹೀಗೆ ಬಾಗಿಲಲ್ಲೇ ತಡೆದರೆ ಅವರು ಊರಿನಲ್ಲಿ ಕುಳಿತು ಮಾಡುವ ಘನಕಾರ್ಯವೇನೂ ಇಲ್ಲ. ಹೋಗಲಿ. ಆದರೆ ಭಾಷೆಯ ಮಾತು ಹೇಳಿದನಲ್ಲ, ಅದು ನನ್ನ ತಲೆಯಲ್ಲಿ ಉಳಿಯಿತು. ನಮ್ಮನ್ನು ಕುರಿತು ಅವರು ಏನು ಹೇಳಿದರು? ಹೋಗಿ ಬಂದವರ ಬರಹವನ್ನು ಈ ಒಂದು ಪ್ರಶ್ನೆಯಿಂದ ತೂಗಬಹುದು. ಆ ಉತ್ತರ ಇದ್ದರೆ ಬರಹ ಹನ್ನೆರಡು ದಿನದ್ದಾದರೂ ನಿಲ್ಲುತ್ತದೆ.

ಹುಡುಗ ಎರಡನೆಯ ಸಲ ಬಂದಾಗ ಈ ಪ್ರಶ್ನೆಯನ್ನೇ ಕೇಳಿದೆ. "ಅಲ್ಲಿ ಯಾರಾದರೂ ನಿನ್ನನ್ನು ಏನಾದರೂ ಕೇಳಿದರೇನಪ್ಪ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಒಬ್ಬ ಅಜ್ಜಿ ಕೇಳಿದ್ರು ಸಾರ್. ನಮಗೆ ಅಡುಗೆ ಮಾಡಿಹಾಕ್ತಿದ್ದೋರು. ಇಲ್ಲಿಗೆ ಬರೋಕೆ ನಿಮಗೆ ಎಷ್ಟು ಖರ್ಚಾಯ್ತು ಅಂತ."

"ಏನು ಹೇಳಿದೆ?"

"ಅರ್ಧ ಹೇಳಿದೆ ಸಾರ್."

"ಅರ್ಧ ಎಂದರೆ?"

"ಟಿಕೆಟ್ ದುಡ್ಡಲ್ಲಿ ಅರ್ಧ. ಪೂರ್ತಿ ಹೇಳೋಕೆ ಬಾಯಿ ಬರಲಿಲ್ಲ. ಅರ್ಧ ಕೇಳಿಯೇ ಅವರು ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನ ಮುಖ ನೋಡಿದ್ರು. ಆಮೇಲೆ ದ್ವಿಭಾಷಿ ಹತ್ತಿರ ಏನೋ ಅಂದ್ರು. ಅವರು ನಕ್ಕರು, ನನಗೆ ಹೇಳಲಿಲ್ಲ."

ನಲವತ್ತು ಪುಟಗಳಲ್ಲಿ ಇದು ಇರಲಿಲ್ಲ. ಏಕೆ ಬರೆಯಲಿಲ್ಲ ಎಂದೆ. "ಸಭೆಯವರು ದುಡ್ಡು ಕೊಟ್ಟಿದ್ದಾರೆ ಸಾರ್, ಬೇಜಾರು ಮಾಡ್ಕೊಳ್ತಾರೆ" ಎಂದ. ಅರ್ಧ ಬಾಟ್ಸೆನ್ನಿನ ಕಥೆಯನ್ನು ಅವನಿಗೆ ಆಗ ಹೇಳಿದೆ. ಅವನ ತಾತನ ಊರು ಬೆಟಗೇರಿ; ಆ ಊರಿನ ಹೆಸರೂ ಬಾಸೆಲಿಗೆ ಹೋದ ವರದಿಗಳಲ್ಲಿ ಇದ್ದೀತು ಎಂದಾಗ ಅವನ ಕಣ್ಣು ಅರಳಿತು. ಅವನ ಮುತ್ತಾತನನ್ನೂ ಯಾರೋ ಒಬ್ಬರು 'ಮುಗ್ಧ' ಎಂದು ಬರೆದಿರಬಹುದಲ್ಲವೇ ಎಂದೆ. ನಗಲಿಲ್ಲ. ಹಸ್ತಪ್ರತಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋದ. ಬೇಜಾರಾಯಿತೇನೋ ಎಂದುಕೊಂಡೆ.

ಹದಿನೈದು ದಿನ ಸುದ್ದಿಯಿಲ್ಲ. ಹೋದ ಶನಿವಾರ ಹಂಪಿನಗರದ ಗ್ರಂಥಾಲಯದ ಮೆಟ್ಟಿಲ ಬಳಿ ನನಗಾಗಿ ಕಾದಿದ್ದ. ನಲವತ್ತು ಪುಟ ಹನ್ನೊಂದಾಗಿತ್ತು. ಅಲ್ಲಿಯ ದ್ವಿಭಾಷಿಯ ದೂರವಾಣಿ ಸಂಖ್ಯೆ ಇವನ ಬಳಿ ಇತ್ತಂತೆ. ಒಂದು ವರ್ಷದ ಮೇಲೆ ಮೊದಲ ಸಲ ಅವನೊಡನೆ ಮಾತಾಡಿದನಂತೆ. ಅಜ್ಜಿಗೆ ಈಗ ಹೆಸರಿತ್ತು. ಗೋಡೆಗೆ ಬಳಿದ ಬಣ್ಣ ಮೊದಲ ಮಳೆಗೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬ ಲೆಕ್ಕವಿತ್ತು, ಹೇಗೂ ಲೆಕ್ಕಿಗನಷ್ಟೆ. ಮಣ್ಣು ಕೆಂಪಂತೆ. ಇನ್ನೊಂದು ಸಂಗತಿ. ಮೊದಲ ಪ್ರತಿಯಲ್ಲಿ, ಇವರ ಗಾಡಿಯ ಹಿಂದೆ ಮಕ್ಕಳು ಸಂತೋಷದಿಂದ "ಹಲೋ, ಹಲೋ" ಎಂದು ಕೂಗುತ್ತ ಓಡಿಬಂದರು ಎಂದಿತ್ತು. ದ್ವಿಭಾಷಿಯನ್ನು ಕೇಳಿ ತಿದ್ದಿಕೊಂಡಿದ್ದ. ಮಕ್ಕಳು ಕೂಗಿದ್ದು 'ವೆಲೊ' ಎಂದು. ಅಲ್ಲಿಯ ಲುವೊ ಜನರ ಭಾಷೆಯಲ್ಲಿ ಹಾಗೆಂದರೆ ನೆಂಟರು, ಬಂದುಹೋಗುವವರು.

ಟಿಕೆಟ್ಟಿನ ಹಣವನ್ನು ಪೂರ್ತಿ ಬರೆದಿದ್ದ, ಅಂಕಿಯಲ್ಲಿ. ಅಜ್ಜಿಗೆ ಹೇಳಿದ ಅರ್ಧವನ್ನೂ ಅದರ ಕೆಳಗೆ ಬರೆದಿದ್ದ.

"ಇದನ್ನು ಸಂಚಿಕೆಯವರು ಹಾಕ್ತಾರಾ ಸಾರ್?" ಎಂದು ಕೇಳಿದ.

ನನಗೆ ತಿಳಿಯದು ಎಂದೆ. ಮೆಟ್ಟಿಲ ಮೇಲೆ ಕುಳಿತು ಎರಡು ಕಡೆ ಒತ್ತಕ್ಷರ ತಿದ್ದಿ, ಕಾಗದಗಳನ್ನು ಅವನ ಕೈಗೆ ಕೊಟ್ಟೆ.